ಅರವತ್ತಾದ ಮೇಲಿನ ಬಿಸಿ ದೋಸೆ

ನಮ್ಮ ಕಡೆ ಗಂಡಸರಿಗೆ ಅರವತ್ತು ತುಂಬಿದರೆ ಮನೆಯಲ್ಲಿ ದೊಡ್ಡ ಸಂಭ್ರಮ. ಶಾಂತಿ, ಹೋಮ, ಕಲಶದ ನೀರಿನ ಸ್ನಾನ, ಮತ್ತೊಂದು ಸಲ ಮಾಂಗಲ್ಯ ಧಾರಣೆ, ಬಂದವರಿಗೆಲ್ಲ ಊಟ. ಹೆಂಡತಿ ಪಕ್ಕದ ಮಣೆ ಮೇಲೆ ಕೂತಿರುತ್ತಾಳೆ. ಆದರೆ ಆ ಅರವತ್ತು ಅವಳದಲ್ಲ. ಅವಳದು ಕೆಲವು ವರ್ಷ ಬಿಟ್ಟು ಬರುತ್ತದೆ. ಆಗ ಪುರೋಹಿತರನ್ನು ಯಾರೂ ಕರೆಯುವುದಿಲ್ಲ.

ನಮ್ಮ ಯಜಮಾನರ ಷಷ್ಟ್ಯಬ್ದಿ ನಂಜನಗೂಡಿನಲ್ಲಿ ಚೆನ್ನಾಗಿ ನಡೆದಿತ್ತು. ನನಗೆ ಅರವತ್ತಾದ ದಿನ ಮಗಳು ಬೆಂಗಳೂರಿನಿಂದ ಬಂದಳು, ಪಾಯಸ ಮಾಡಿದಳು, ಸಂಜೆ ಬಸ್ಸಿಗೆ ಹೊರಟಳು. ಅಷ್ಟೇ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಹೋಮ ಇಲ್ಲದ ಈ ಅರವತ್ತು ನನಗೆ ತುಂಬಾ ಹಿಡಿಸಿತು. ಹೆಂಗಸು ತನ್ನ ಅರವತ್ತರ ದಿನ ಏನು ಮಾಡಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ದಿನವೂ ಅದರ ನಂತರದ ದಿನಗಳೂ ಪೂರ್ತಿ ನನ್ನ ಕೈಗೇ ಸಿಕ್ಕವು.

ಅರವತ್ತಕ್ಕೆ ಯಾಕಿಷ್ಟು ಮಹತ್ವ ಅನ್ನುವುದಕ್ಕೆ ಆಕಾಶದಲ್ಲೂ ಒಂದು ಲೆಕ್ಕ ಇದೆ. ಗುರು ಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 12 ವರ್ಷ ಬೇಕು. ಶನಿಗೆ ಸುಮಾರು 30. ಅರವತ್ತು ವರ್ಷ ಆಗುವಷ್ಟರಲ್ಲಿ ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ, ಎರಡೂ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದಿರುತ್ತವೆ. ನಮ್ಮ ಪಂಚಾಂಗದ ಸಂವತ್ಸರಗಳೂ ಅರವತ್ತೇ. ಪ್ರಭವದಿಂದ ಶುರುವಾಗಿ ಅಕ್ಷಯದವರೆಗೆ. ನಾನು ಹುಟ್ಟಿದ್ದು 1965ರ ಶ್ರಾವಣದಲ್ಲಿ, ವಿಶ್ವಾವಸು ಸಂವತ್ಸರ. 2025ರ ಯುಗಾದಿಯ ದಿನ ಪಂಚಾಂಗ ಓದುವಾಗ ಅದೇ ಹೆಸರು ಮತ್ತೆ ಕೇಳಿಸಿತು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಹುಟ್ಟಿದ ಸಂವತ್ಸರ ಮತ್ತೆ ಬರುವುದು ಒಂದೇ ಸಲ. ಹಲವರಿಗೆ ಅದೂ ಇಲ್ಲ. ನಾನು ಹುಟ್ಟಿದ ಕಾಲದಲ್ಲಿ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯ 50 ವರ್ಷ ಕೂಡ ಇರಲಿಲ್ಲ. ನಮ್ಮಮ್ಮ ತಾನು ಹುಟ್ಟಿದ ಸಂವತ್ಸರವನ್ನು ಮತ್ತೆ ನೋಡಲಿಲ್ಲ. ಹಿಂದಿನವರು ಅರವತ್ತು ಮುಟ್ಟಿದವರನ್ನು ಕೂರಿಸಿ ಯಾಕೆ ಅಷ್ಟೆಲ್ಲ ಮಾಡುತ್ತಿದ್ದರು ಅನ್ನುವುದು ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಸರ್ಕಾರದ ಲೆಕ್ಕದಲ್ಲಿ ಮಾತ್ರ ನನಗೆ ಸ್ವಲ್ಪ ಬೇಗನೇ ಅರವತ್ತಾಯಿತು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದು ಅಂತ ನಮ್ಮೂರ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡಿದ್ದರು. ನನ್ನ ವಯಸ್ಸಿನ ಎಷ್ಟೋ ಜನರ ಹುಟ್ಟಿದ ದಿನ ಹೀಗೆ ಜೂನ್ ತಿಂಗಳಲ್ಲೇ ಇದೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿ ಆಗಬೇಕು. ಹಾಗಾಗಿ ಮೇ 31ಕ್ಕೆ ನಾನು ಖಜಾನೆ ಕಚೇರಿಯ ಕೆಲಸದಿಂದ ಹೊರಗೆ ಬಂದೆ. ಹಾರ ಹಾಕಿದರು, ಪೇಟ ತೊಡಿಸಿದರು, ಎಲ್ಲರೂ ಸೇರಿ ಒಂದು ಮೈಸೂರು ಸಿಲ್ಕ್ ಸೀರೆ ಕೊಟ್ಟರು. ಗಿಣಿ ಹಸಿರು. ಆ ಸೀರೆಯ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ದೋಸೆ.

ಜೂನ್‌ನ ಒಂದು ಬೆಳಿಗ್ಗೆ ನಮ್ಮ ಯಜಮಾನರು ಅಡುಗೆಮನೆಗೆ ಬಂದು, "ನೀನು ಕೂತ್ಕೋ, ಇವತ್ತು ನಾನು ಹಾಕ್ತೀನಿ" ಅಂದರು. "ನಿಮಗೆಲ್ಲಿ ಬರುತ್ತೆ, ಬಿಡಿ" ಅಂದೆ. ಕೇಳಲಿಲ್ಲ. ಮೊದಲನೆಯದು ಕಾವಲಿಗೆ ಅಂಟಿಕೊಂಡಿತು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ ಅಂತ ಕೂತಲ್ಲಿಂದಲೇ ಹೇಳಿದೆ. ಎರಡನೆಯದು ಎದ್ದು ಬಂತು. ಅದನ್ನು ನೇರವಾಗಿ ನನ್ನ ತಟ್ಟೆಗೆ ಹಾಕಿದರು. ಅಂಚು ಕಂದು ಬಣ್ಣ, ನಡುವೆ ಸಣ್ಣ ಸಣ್ಣ ತೂತು, ಇನ್ನೂ ಹಬೆ ಆಡುತ್ತಿತ್ತು. ಚಟ್ನಿಪುಡಿಗೆ ತುಪ್ಪ ಕಲೆಸಿಕೊಂಡೆ. ಮುರಿದರೆ ಗರಿಗರಿ ಸದ್ದು ಬಂತು.

ಆ ಸದ್ದು ನನಗೆ ಹೊಸದು. ಹೆಂಗಸರು ಓದುತ್ತಿದ್ದರೆ ತಕ್ಷಣ ಗೊತ್ತಾಗುತ್ತದೆ. ದೋಸೆಯ ಗರಿ ಇರುವುದು ಒಂದೆರಡು ನಿಮಿಷ ಮಾತ್ರ. ಆ ಒಂದೆರಡು ನಿಮಿಷ ನಾವು ಒಲೆ ಮುಂದೆ ನಿಂತು ಮುಂದಿನ ದೋಸೆ ಹುಯ್ಯುತ್ತಿರುತ್ತೇವೆ. ಎಲ್ಲರದೂ ಆದ ಮೇಲೆ ನಮಗೆ ಅಂತ ಒಂದೆರಡು ಹಾಕಿ, ಒಂದರ ಮೇಲೊಂದು ಪೇರಿಸಿ, ನಿಂತುಕೊಂಡೇ ತಿಂದು, ಡಬ್ಬಿಗೂ ತುಂಬಿಕೊಂಡು ಓಡುತ್ತೇವೆ. ದೋಸೆ ಮಾಡುವವಳಿಗೆ ದೋಸೆ ಯಾವತ್ತೂ ಮೆತ್ತಗೇ ಸಿಗುತ್ತದೆ. ನಾನು ಮಾಡಿದ ದೋಸೆಯನ್ನು ಊರೆಲ್ಲ ಹೊಗಳಿದ್ದಾರೆ. ಅವರು ಏನನ್ನು ಹೊಗಳುತ್ತಿದ್ದರು ಅಂತ ನನಗೆ ತಿಳಿದದ್ದು ಅರವತ್ತರಲ್ಲಿ, ಕೂತು ತಿಂದಾಗ.

ಈಗ ಭಾನುವಾರ ಅವರದೇ ಪಾಳಿ. ನನ್ನ ಸಂತೋಷಕ್ಕೆ ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಮಗಳಿಗೆ ಇದನ್ನು ಹೇಳಿದಾಗ ಅವಳು ಒಂದು ಅಧ್ಯಯನದ ವಿಷಯ ತಿಳಿಸಿದಳು. 2014ರಲ್ಲಿ ಅಮಿತ್ ಭಟ್ಟಾಚಾರ್ಜಿ ಮತ್ತು ಕ್ಯಾಸಿ ಮೊಗಿಲ್ನರ್ ಅನ್ನುವ ಇಬ್ಬರು ಸಂಶೋಧಕರು ಪ್ರಕಟಿಸಿದ್ದು. ಜನರಿಗೆ ಯಾವ ಥರದ ಅನುಭವಗಳು ಸಂತೋಷ ಕೊಡುತ್ತವೆ ಅಂತ ನೋಡಿದ್ದಾರೆ. ಚಿಕ್ಕ ವಯಸ್ಸಿನವರಿಗೆ ಅಪರೂಪದ, ದೊಡ್ಡ ಅನುಭವಗಳು ಜಾಸ್ತಿ ಖುಷಿ ಕೊಡುತ್ತವಂತೆ. ವಯಸ್ಸಾಗುತ್ತಾ ದಿನನಿತ್ಯದ ಸಾಮಾನ್ಯ ಅನುಭವಗಳೂ ಅಷ್ಟೇ ಖುಷಿ ಕೊಡಲು ಶುರುಮಾಡುತ್ತವಂತೆ. ಮುಂದೆ ಉಳಿದಿರುವ ಕಾಲ ಕಡಿಮೆ ಅನ್ನಿಸಿದಾಗ ಮನಸ್ಸು ಹೀಗೆ ತಿರುಗುತ್ತದೆ ಅನ್ನುವುದು ಅವರ ವಾದ.

ಮೊದಲ ಮಾತು ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಎರಡನೆಯ ಮಾತಿನ ಬಗ್ಗೆ ತುಂಬಾ ಯೋಚಿಸಿದೆ. ನನ್ನಂಥ ಹೆಂಗಸರ ಮಟ್ಟಿಗೆ ಕಾರಣ ಅದಲ್ಲ ಅನ್ನಿಸುತ್ತದೆ. ಉಳಿದ ವರ್ಷಗಳು ಕಡಿಮೆಯಾದವು ಅಂತ ನನಗೆ ದೋಸೆ ರುಚಿಸಿದ್ದಲ್ಲ. ದಿನದ ಗಂಟೆಗಳು ಜಾಸ್ತಿಯಾದವು, ಅದಕ್ಕೆ ರುಚಿಸಿತು. ಮೂವತ್ತರಲ್ಲಿ, ನಲವತ್ತರಲ್ಲಿ ಈ ಸಣ್ಣ ಸಂಗತಿಗಳೆಲ್ಲ ಸುತ್ತಲೂ ಇದ್ದವು. ಆಸೆಯೂ ಇತ್ತು. ಆದರೆ ಯಾವಾಗಲೂ ಯಾರೋ ಕಾಯುತ್ತಿದ್ದರು. ಮಗಳ ಜಡೆ, ಅತ್ತೆಯವರ ಮಾತ್ರೆ, ಮಾರ್ಚ್ ಕೊನೆಯ ಬಿಲ್ಲುಗಳು. ವಯಸ್ಸಾದ ಮೇಲೆ ಮನಸ್ಸು ಇಷ್ಟಕ್ಕೇ ತೃಪ್ತಿಪಡುತ್ತೆ, ಏನೂ ದೊಡ್ಡದು ಬೇಡ ಅನ್ನಿಸುತ್ತೆ ಅಂತ ಜನ ಸಮಾಧಾನದ ಮಾತು ಆಡುತ್ತಾರೆ. ನನಗೆ ಆಸೆ ಕಡಿಮೆ ಆಗಿಲ್ಲ. ಆಗಿನ ಆಸೆಗಳೇ ಈಗ ನಡೆಯುತ್ತಿವೆ.

ಹೂವು ಕಟ್ಟುವುದನ್ನೇ ತೆಗೆದುಕೊಳ್ಳಿ. ನಮ್ಮಮ್ಮ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತು ಮಾರುಗಟ್ಟಲೆ ಹೂವು ಕಟ್ಟುತ್ತಿದ್ದರು. ಹತ್ತು ವಯಸ್ಸಿಗೆಲ್ಲ ನನಗೂ ಬರುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಕಟ್ಟಿದ ಹೂವನ್ನೇ ಮೊಳ ಅಳೆಸಿ ತೆಗೆದುಕೊಳ್ಳುವುದು ರೂಢಿಯಾಯಿತು. ನಿವೃತ್ತಿಯ ನಂತರ ಒಂದು ದಿನ ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ಮಲ್ಲಿಗೆಯ ಬಿಡಿ ಮೊಗ್ಗು ಕಂಡಿತು. ಜೊತೆಗೆ ಬಾಳೆನಾರು ಕೇಳಿ ತಂದೆ.

ನಾರನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ. ತೊಟ್ಟುಗಳು ಎದುರುಬದುರು ಕೂರಬೇಕು. ನಾರನ್ನು ಒಂದು ಸುತ್ತು ಸುತ್ತಿ, ಬೆರಳಲ್ಲಿ ಕುಣಿಕೆ ಮಾಡಿ, ತೊಟ್ಟುಗಳ ಮೇಲಿಂದ ಇಳಿಸಿ ಎಳೆಯಬೇಕು. ಜಾಸ್ತಿ ಬಿಗಿದರೆ ತೊಟ್ಟು ಕತ್ತರಿಸಿ ಹೋಗುತ್ತದೆ. ಸಡಿಲ ಬಿಟ್ಟರೆ ಮುಡಿಯುವಾಗ ಉದುರುತ್ತದೆ. ಎಷ್ಟು ಬಿಗಿ ಅನ್ನುವುದನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ. ನನ್ನ ಬೆರಳಿಗೆ ಅದು ಇನ್ನೂ ನೆನಪಿತ್ತು! ಮೊದಲ ಒಂದು ಗೇಣು ಓರೆಕೋರೆ. ಆಮೇಲೆ ಕೈ ತಾನಾಗಿ ಓಡತೊಡಗಿತು. ನಾನು ಏನನ್ನೂ ಯೋಚಿಸುತ್ತಿರಲಿಲ್ಲ. ಅಮ್ಮ ಕಲಿಸಿದ್ದು ಅವರು ಹೋಗಿ ಇಷ್ಟು ವರ್ಷವಾದರೂ ನನ್ನ ಬೆರಳ ತುದಿಯಲ್ಲಿ ಕೂತಿದೆ ಅನ್ನುವುದು ತಿಳಿದಾಗ ಕಣ್ಣು ತುಂಬಿ ಬಂತು.

ಮೈಸೂರು ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಕೀಳುತ್ತಾರೆ. ಅರಳುವುದು ಸಂಜೆ. ಆವತ್ತು ದೀಪ ಹಚ್ಚುವ ಹೊತ್ತಿಗೆ ತಟ್ಟೆಯಲ್ಲಿದ್ದ ಮಾಲೆ ದಪ್ಪಗಾಗಿತ್ತು. ದೇವರಿಗೆ ಒಂದು ತುಂಡು, ಪಕ್ಕದ ಮನೆಯ ಸೊಸೆಗೆ ಒಂದು, ಉಳಿದದ್ದು ನನಗೆ. ಮನೆಯಲ್ಲಿ ಇರುವವಳಿಗೆ ಯಾಕೆ ಹೂವು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಮುಡಿಯುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳದೇ ಹೋದರೆ ತಪ್ಪಾಗುತ್ತದೆ. ನನಗೆ ಮೊಗ್ಗು ಕೊಟ್ಟ ಹೂವಿನಮ್ಮನಿಗೂ ಸುಮಾರು ನನ್ನದೇ ವಯಸ್ಸು. "ನಿಮಗೆ ರಜ ಸಿಕ್ತಲ್ಲ ಬಿಡಿ ಅಕ್ಕ, ನಮಗೆಲ್ಲಿ ರಜ" ಅಂದರು. ಬೇಸರವಿಲ್ಲದೆ, ಮೊಗ್ಗು ಅಳೆಯುತ್ತಾ ಅಂದ ಮಾತು. ಅವರಿಗೆ ಪಿಂಚಣಿ ಇಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಬರುವುದು 65 ದಾಟಿದ ಮೇಲೆ. ಅಷ್ಟರಲ್ಲಿ ಮನೆ ನಡೆಯುವುದೂ ಇಲ್ಲ. ನನ್ನ ದಿನದ ಗಂಟೆಗಳು ಜಾಸ್ತಿಯಾದದ್ದು ನನ್ನ ಜಾಣತನದಿಂದಲ್ಲ, ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು ಬೀಳುವ ದುಡ್ಡಿನಿಂದ. ಸಣ್ಣ ಸಂಗತಿಗಳಿಗೆ ದುಡ್ಡು ಬೇಡ ಅನ್ನುವುದು ಪೂರ್ತಿ ನಿಜವಲ್ಲ. ಆ ಸಂಗತಿಗೆ ಬೇಡದಿರಬಹುದು, ಆ ಹೊತ್ತಿಗೆ ಬೇಕು. ಕೂತು ತಿನ್ನುವ ದೋಸೆ ಆಯಮ್ಮನಿಗೂ ಅರವತ್ತಕ್ಕೇ ಸಿಗಬೇಕಿತ್ತು ಅಂತ ನನಗೆ ಮನಸಾರೆ ಅನ್ನಿಸುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ತಾಯಂದಿರು ಎಷ್ಟು ಜನ ಬಿಸಿಲಲ್ಲಿ ಕೂತಿದ್ದಾರೆ ಅಲ್ವಾ?

ಇನ್ನು ಕಣ್ಣಿನ ವಿಷಯ. ಈ ವರ್ಷದ ಅತಿ ದೊಡ್ಡ ಸಂತೋಷ ಅಂದರೆ ಇದೇ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾತ್ರಿ ಎದುರಿನ ಗಾಡಿಯ ದೀಪ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ವಯಸ್ಸಾಯಿತು, ಹೀಗೇ ಅಂದುಕೊಂಡಿದ್ದೆ. ಮಗಳು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೊದಲು ಎಡಗಣ್ಣಿಗೆ ಮಾಡಿದರು. ಮಾರನೆಯ ದಿನ ಪಟ್ಟಿ ಬಿಚ್ಚಿ, ಹನಿ ಹಾಕಿ, ಕಪ್ಪು ಕನ್ನಡಕ ಕೊಟ್ಟು ಕಳಿಸಿದರು.

ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಕನ್ನಡಕ ತೆಗೆದೆ. ತಂತಿಯ ಮೇಲೆ ಯಜಮಾನರ ಪಂಚೆ ಒಣಗುತ್ತಿತ್ತು. ಅದು ಎಷ್ಟು ಬೆಳ್ಳಗಿತ್ತು ಅಂದರೆ ಹೊಸದು ತಂದರಾ ಅಂತ ಕೇಳಿದೆ. ಬಲಗಣ್ಣು ಮುಚ್ಚಿ ನೋಡಿದೆ. ಬಿಳಿ, ಅದರೊಳಗೆ ನೀಲಿಯ ಒಂದು ಛಾಯೆ. ಎಡಗಣ್ಣು ಮುಚ್ಚಿ ನೋಡಿದೆ. ಅದೇ ಪಂಚೆ ನಮ್ಮ ಕಚೇರಿಯ ಹಳೇ ಲೆಡ್ಜರ್ ಹಾಳೆಯ ಹಾಗೆ ಹಳದಿ. ಮತ್ತೆ ಮತ್ತೆ ಮುಚ್ಚಿ ತೆರೆದು ನೋಡಿದೆ. ಕಾಂಪೌಂಡಿನ ಮೇಲೆ ಹಬ್ಬಿದ್ದ ಶಂಖಪುಷ್ಪದ ಹತ್ತಿರ ಹೋದೆ. ಆ ಬಳ್ಳಿಯನ್ನು ನೆಟ್ಟವಳೇ ನಾನು. ಅದರ ನೀಲಿ ಅಷ್ಟು ದಟ್ಟ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ದಳದ ಬುಡದಲ್ಲಿ ನೀಲಿ ತಿಳಿಯಾಗುತ್ತಾ ಹೋಗಿ ನಡುವಿನ ಬಿಳಿ ಹಳದಿಗೆ ಸೇರುವುದನ್ನು ಅಲ್ಲೇ ನಿಂತು ನೋಡಿದೆ.

ಮತ್ತೆ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿದೆ. ವಿವರಿಸಿ ಹೇಳಿದರು. ಕಣ್ಣಿನ ಒಳಗಿನ ಮಸೂರ ವಯಸ್ಸಾಗುತ್ತಾ ಹಳದಿಯಾಗುತ್ತದೆ. ಹಳದಿ ಮಸೂರ ನೀಲಿ, ನೇರಳೆ ಬೆಳಕನ್ನು ಒಳಗೆ ಬಿಡದೆ ತಡೆಯುತ್ತದೆ. ಇದು ಎಷ್ಟು ನಿಧಾನವಾಗಿ ಆಗುತ್ತದೆ ಅಂದರೆ ಮೆದುಳು ಅದಕ್ಕೇ ಹೊಂದಿಕೊಂಡು, ಲೋಕದ ಬಣ್ಣವೇ ಇಷ್ಟು ಅಂದುಕೊಳ್ಳುತ್ತದೆ. ಆ ಮಸೂರ ತೆಗೆದು ಹೊಸದು ಕೂರಿಸಿದಾಗ ನೀಲಿ ಒಮ್ಮೆಗೇ ವಾಪಸು ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಅವರಿಗೂ 1923ರಲ್ಲಿ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ ಆಗಿತ್ತಂತೆ. ಪೊರೆ ಇದ್ದ ಕಾಲದ ಅವರ ಚಿತ್ರಗಳಲ್ಲಿ ಕೆಂಪು, ಕಂದು ಬಣ್ಣಗಳು ತುಂಬಿರುವುದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಅಂಥ ದೊಡ್ಡ ಕಲಾವಿದರಿಗೇ ಹಾಗಾದರೆ ನಮ್ಮಂಥವರಿಗೆ ಹೇಗೆ ತಿಳಿಯಬೇಕು.

ಆವತ್ತು ರಾತ್ರಿ ಬೀರು ತೆಗೆದು ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಎಡಗಣ್ಣಿಂದ ಒಂದೊಂದನ್ನೇ ನೋಡಿದೆ. ಕಚೇರಿಯವರು ಕೊಟ್ಟ ಸೀರೆ ಗಿಣಿ ಹಸಿರಲ್ಲ. ನವಿಲಿನ ಕತ್ತಿನ ನೀಲಿ, ಅದರಲ್ಲಿ ಹಸಿರಿನ ಹೊಳಪು. ಅದರ ಮೇಲೆ ಸಣ್ಣ ಜರಿ. ಅದನ್ನು ಆರಿಸಿದ ಹುಡುಗಿಗೆ ಫೋನ್ ಮಾಡಿ, "ಎಷ್ಟು ಚೆಂದದ ಬಣ್ಣ ಆರಿಸಿದ್ದೀಯಮ್ಮ" ಅಂದೆ. ಪಾಪ, ಅವಳು ತಿಂಗಳುಗಳ ಹಿಂದೆ ಕೊಟ್ಟ ಸೀರೆ. ಆದರೂ ಖುಷಿಪಟ್ಟಳು. ಈಗಿನ ದಿನಗಳಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗಲೂ ನೀರಿನ ಬಣ್ಣ ಹೊತ್ತಿಗೊಂದು ಥರ ಬದಲಾಗುವುದು ಕಾಣಿಸುತ್ತದೆ. ಹೆಜ್ಜಾರ್ಲೆಗಳು ಇಳಿದರೆ ನಿಂತು ನೋಡುತ್ತೇನೆ. ನನ್ನನ್ನು ದಾಟಿ ಓಡುವ ಹುಡುಗರು ಓಡಲಿ.

ಮಂಡಿ ನೋವು ಇದೆ. ರಾತ್ರಿ ನಿದ್ದೆ ಮೊದಲಿನ ಹಾಗೆ ಬರುವುದಿಲ್ಲ. ಇವೆಲ್ಲ ಇದ್ದದ್ದೇ, ಬಿಡಿ.

ಅರವತ್ತರ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ. ಎಲ್ಲರೂ ಬಹುವಚನ ಶುರುಮಾಡುತ್ತಾರೆ. ತರಕಾರಿಯವರಿಗೆ ಅಮ್ಮ, ಪಕ್ಕದ ಮನೆಯವರಿಗೆ ಆಂಟಿ, ಅವರ ಮಕ್ಕಳಿಗೆ ಅಜ್ಜಿ, ಬ್ಯಾಂಕಿನಲ್ಲಿ ಮೇಡಂ. ಗೌರವ ಒಳ್ಳೆಯದೇ. ಆದರೆ "ಏನೇ" ಅನ್ನುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಾರೆ. ಅಮ್ಮ ಇಲ್ಲ. ಶಿವಮೊಗ್ಗದ ಅಕ್ಕ ಇದ್ದಾಳೆ. ಯಜಮಾನರಿದ್ದಾರೆ. ಮತ್ತೆ ಒಬ್ಬಳು ಹೈಸ್ಕೂಲಿನ ಗೆಳತಿ. ಅವಳು ಫೋನ್ ಎತ್ತಿದ ಕೂಡಲೇ, "ಲೇ, ಎಲ್ಲೇ ಸತ್ತಿದ್ದೆ ಇಷ್ಟು ದಿನ?" ಅನ್ನುತ್ತಾಳೆ. ಆ ಒಂದು ಮಾತಿಗೆ ನನಗೆ ಎರಡು ಜಡೆ, ರಿಬ್ಬನ್ ವಾಪಸು ಬರುತ್ತದೆ. ಇಂಥ ಒಬ್ಬರು ಇದ್ದರೆ ದಯವಿಟ್ಟು ಈ ವಾರವೇ ಫೋನ್ ಮಾಡಿ.

ಅವಳೂ ನಾನೂ ಈಗ ಬಸ್ ಹತ್ತಿ ಹೋಗುತ್ತೇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಶೂನ್ಯ ದರದ ಟಿಕೆಟ್. ಆಗ ನನಗೆ ಹೋಗಲು ಬಿಡುವಿರಲಿಲ್ಲ. ಈಗ ಆಧಾರ್ ತೋರಿಸಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂರುತ್ತೇವೆ. ಹೆಂಗಸರು ಕೆಲಸವಿಲ್ಲದೆ ಸುಮ್ನೆ ತಿರುಗುತ್ತಾರೆ ಅಂತ ಗೊಣಗುವವರನ್ನು ಬಸ್ಸಿನಲ್ಲೇ ಕೇಳಿದ್ದೇನೆ. ಸುಮ್ನೆ ತಿರುಗುವುದಕ್ಕೇ ನಾವು ಹೋಗುವುದು. ಗಂಡಸರು ಕಟ್ಟೆಯ ಮೇಲೆ ಸುಮ್ನೆ ಕೂತಿದ್ದನ್ನು ನಾವು ಯಾವತ್ತಾದರೂ ಪ್ರಶ್ನೆ ಮಾಡಿದ್ದೇವಾ? ಮದುವೆ, ನಾಮಕರಣ, ಹೆರಿಗೆ, ಸಾವು, ಇವು ಬಿಟ್ಟು ಬೇರೆ ಕಾರಣಕ್ಕೆ ಬಸ್ ಹತ್ತದ ಎಷ್ಟೋ ಹೆಂಗಸರು ಈಗ ನದಿ ನೋಡಲು ಹೋಗುತ್ತಿದ್ದಾರೆ. ನನಗಂತೂ ಅದು ಬಹಳ ಒಳ್ಳೆಯ ಸುದ್ದಿ.

ಹೋದ ಸಲ ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದೆವು. ಕಾವೇರಿ, ಕಪಿಲೆ ಕೂಡುವ ಜಾಗದ ಮೆಟ್ಟಿಲ ಮೇಲೆ ಬೇಯಿಸಿದ ಕಡ್ಲೆಕಾಯಿ ಬಿಡಿಸುತ್ತಾ ಕೂತೆವು. ಮುಂದಿನ ತಿಂಗಳು ಅವಳಿಗೆ ಅರವತ್ತು. ಮಕ್ಕಳು ಹಾಲ್ ಮಾಡುತ್ತೇವೆ ಅನ್ನುತ್ತಿದ್ದಾರೆ, ಅವಳಿಗೆ ಅದು ಬೇಡ.

"ಹಾಲ್ ಬೇಡ ಅಂತ ಹೇಳಿದೀನಿ. ಒಂದು ಒಳ್ಳೇ ಸೀರೆ ಮಾತ್ರ ಕೊಡಿಸಿ ಅಂದೆ. ನೀನೂ ಬಾರೇ ಆರಿಸೋಕೆ" ಅಂದಳು.

"ಯಾವ ಬಣ್ಣ?"

"ನಿನಗೆ ನಿವೃತ್ತಿಗೆ ಕೊಟ್ಟಿದ್ದರಲ್ಲ, ಆ ಗಿಣಿ ಹಸಿರು."

ನಾನು ಕಡ್ಲೆಕಾಯಿ ಕೆಳಗಿಟ್ಟು ಅವಳ ಕಣ್ಣನ್ನೇ ನೋಡಿದೆ. "ಲೇ, ಸೀರೆ ಅಂಗಡಿಗೆ ಆಮೇಲೆ ಹೋಗೋಣ. ಸೋಮವಾರ ನನ್ನ ಬಲಗಣ್ಣಿಗೆ ತೋರಿಸೋಕೆ ಹೋಗ್ತಿದೀನಿ. ನೀನೂ ಬಾ, ಇಬ್ಬರೂ ತೋರಿಸ್ಕೊಂಡು ಬರೋಣ."